67 ವರ್ಷದ ಅಪ್ಪನಿಗೆ ಎಸಿಎಲ್ ಹರಿದಿದೆ, ಆಪರೇಷನ್ ಮಾಡಿಸಬೇಕಾ?

ತೀರ್ಥಹಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ಅಪ್ಪನ ಮಂಡಿ ವಿಷಯ. ವಯಸ್ಸು 67. ತೋಟದಲ್ಲಿ ಸಂಕ (ಹಳ್ಳದ ಕಾಲುಸೇತುವೆ) ದಾಟುವಾಗ ಕಾಲು ಜಾರಿತು. ಪಾದ ಅಲ್ಲೇ ಸಿಕ್ಕಿಕೊಂಡು ಮೈ ಮಾತ್ರ ತಿರುಗಿತಂತೆ. ಮಂಡಿಯೊಳಗೆ 'ಟಕ್' ಅಂತ ಸದ್ದು ಬಂತು ಅನ್ನುತ್ತಾರೆ. ಸಂಜೆಯೊಳಗೆ ಚೆನ್ನಾಗಿ ಊದಿಕೊಂಡಿತು. ಶಿವಮೊಗ್ಗದಲ್ಲಿ ಎಂ.ಆರ್.ಐ ಮಾಡಿಸಿದೆವು. ರಿಪೋರ್ಟಿನ ಪ್ರಕಾರ ಎಸಿಎಲ್ (ಮಂಡಿಯ ಮಧ್ಯದಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್) ಪೂರ್ತಿ ಹರಿದಿದೆ, ಎಂಸಿಎಲ್ (ಮಂಡಿಯ ಒಳಬದಿಯ ಲಿಗಮೆಂಟ್) ಸ್ವಲ್ಪ ಹರಿದಿದೆ, ಒಳಬದಿಯ ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಸೀಳಿದೆ, ಜೊತೆಗೆ ಒಂದಿಷ್ಟು ಸವೆತವೂ ಇದೆ.

ಒಬ್ಬ ಡಾಕ್ಟರು 'ಮುಂದಿನ ವಾರವೇ ಕೀಹೋಲ್ ಆಪರೇಷನ್ ಮಾಡಿ ಹೊಸ ಲಿಗಮೆಂಟ್ ಹಾಕೋಣ' ಅಂದರು. ಇನ್ನೊಬ್ಬರು 'ಈ ವಯಸ್ಸಿಗೆ ಯಾಕ್ರೀ, ಬೆಲ್ಟ್ ಹಾಕ್ಕೊಂಡು ಮನೇಲಿರಲಿ' ಅಂದರು. ನಮ್ಮ ಭಾವ ಬೇರೆ 'ಸುಮ್ನೆ ಮಂಡಿನೇ ಚೇಂಜ್ ಮಾಡಿಸಿಬಿಡಿ' ಅಂತಾರೆ. ಮೂವರದು ಮೂರು ದಾರಿ.

ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಿ.ಪಿ ಇಲ್ಲ. ತೋಟಕ್ಕೆ ಹೋಗದೆ ಕೂರುವ ಮನುಷ್ಯ ಅಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಗುಬ್ಬಿ ಗೌಡ:

'ಮುಂದಿನ ವಾರವೇ' ಅಂದವರ ಹತ್ತಿರ ಇನ್ನೊಮ್ಮೆ ಹೋಗಬೇಡಿ. ನಮ್ಮ ಚಿಕ್ಕಪ್ಪನಿಗೂ ಹೀಗೇ ಅಂದಿದ್ದರು. ಇನ್ಶೂರೆನ್ಸ್ ಇದೆಯಾ ಅನ್ನೋದು ಮೊದಲ ಪ್ರಶ್ನೆ, ಎಲ್ಲಿ ನೋಯುತ್ತೆ ಅನ್ನೋದು ಆಮೇಲೆ. ಅವರು ಆಪರೇಷನ್ ಮಾಡಿಸಲೇ ಇಲ್ಲ. ಈಗಲೂ ಹೊಲಕ್ಕೆ ಹೋಗ್ತಾರೆ, ರಾಗಿ ಕಣದಲ್ಲಿ ಅವರೇ ಮುಂದೆ.

ಷಟಲ್ ಅಂಕಲ್, ಮೈಸೂರು:

ಗೌಡರೇ, ಹಾಗೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು 61ನೇ ವಯಸ್ಸಿಗೆ ಎಸಿಎಲ್ ಆಪರೇಷನ್ ಮಾಡಿಸಿಕೊಂಡವನು. ಷಟಲ್ ಆಡುವಾಗ ಹರಿದದ್ದು. ಐದಾರು ತಿಂಗಳು ವ್ಯಾಯಾಮ ಮಾಡಿ ನೋಡಿದೆ. ನೇರ ರಸ್ತೆಯಲ್ಲಿ ನಡೆಯೋಕೆ ಏನೂ ತೊಂದರೆ ಇರಲಿಲ್ಲ. ತಿರುಗಿದರೆ ಸಾಕು, ಮಂಡಿ ಕೈಕೊಡುತ್ತಿತ್ತು. ಒಮ್ಮೆ ಮಾರ್ಕೆಟ್‌ನಲ್ಲಿ ಯಾರೋ ಹಿಂದಿನಿಂದ ಕರೆದರು ಅಂತ ತಿರುಗಿದವನು ತರಕಾರಿ ಸಮೇತ ಬಿದ್ದೆ. ಆಮೇಲೆ ಮಾಡಿಸಿದೆ. ಈಗ ಡಬಲ್ಸ್ ಆಡ್ತೀನಿ. ಆದರೆ ನನ್ನ ಮಂಡಿಯಲ್ಲಿ ಸವೆತ ಇರಲಿಲ್ಲ. ಅದನ್ನು ಡಾಕ್ಟರು ಮೊದಲೇ ಎಕ್ಸ್‌ರೇ ತೋರಿಸಿ ಹೇಳಿದ್ದರು.

ನಿವೃತ್ತ ಮೂಳೆ ಡಾಕ್ಟರ್:

ಸರ್ಕಾರಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ರೋಗಿಯನ್ನು ಮುಟ್ಟಿ ನೋಡದೆ ಹೀಗೇ ಮಾಡಿ ಅನ್ನಲಾರೆ. ಏನನ್ನು ಗಮನಿಸಬೇಕು, ಏನು ಕೇಳಬೇಕು ಅಂತ ಹೇಳಬಲ್ಲೆ.

ಮೊದಲು ಅವಸರದ ಸಂಗತಿಗಳು. ಪಾದ ತಣ್ಣಗಿದೆಯಾ, ಬಣ್ಣ ಬದಲಾಗಿದೆಯಾ? ಪಾದ ಮತ್ತು ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಆಗುತ್ತದಾ? ಮಲಗಿಕೊಂಡು ಕಾಲು ನೇರ ಮಾಡಿ ಹಾಸಿಗೆಯಿಂದ ಮೇಲೆತ್ತಲು ಆಗುತ್ತದಾ? ಮಂಡಿ ಅರ್ಧಕ್ಕೆ ಸಿಕ್ಕಿಕೊಂಡು, ಪೂರ್ತಿ ನೀಡಲು ಆಗದೆ ನಿಂತಿದೆಯಾ? ಇವುಗಳಲ್ಲಿ ಒಂದು ಸರಿ ಇಲ್ಲದಿದ್ದರೂ ತಡ ಮಾಡುವಂತಿಲ್ಲ. ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹರಿದಿದ್ದರೆ, ಬಿದ್ದ ಹೊತ್ತಿನಲ್ಲಿ ಮಂಡಿ ಕೀಲು ತಪ್ಪಿ ತಾನಾಗಿಯೇ ವಾಪಸ್ ಕೂತಿರಬಹುದು. ಆಗ ಮಂಡಿಯ ಹಿಂದೆ ಹಾದುಹೋಗುವ ದೊಡ್ಡ ರಕ್ತನಾಳಕ್ಕೆ ಪೆಟ್ಟು ಬಿದ್ದಿರಬಹುದು. ವಯಸ್ಸಾದವರಲ್ಲಿ ನಾಳ ಮೊದಲೇ ಗಡುಸಾಗಿರುತ್ತದೆ. ಅಲ್ಲಿ ಗಂಟೆಗಳ ಲೆಕ್ಕ, ದಿನಗಳದಲ್ಲ. ಇದು ಅಪರೂಪ. ಆದರೂ ಮೊದಲು ಪಾದದ ನಾಡಿ ಹಿಡಿದು ನೋಡದ ಡಾಕ್ಟರನ್ನು ನಾನು ಒಪ್ಪುವುದಿಲ್ಲ.

ಇವೆಲ್ಲ ಸರಿ ಇದ್ದರೆ, ಎಸಿಎಲ್ ಒಂದಕ್ಕೇ ಮುಂದಿನ ವಾರ ಓಡಬೇಕಾಗಿಲ್ಲ. ಊದಿದ, ಬಿಗಿದ ಮಂಡಿಗೆ ಕೈ ಹಾಕಿದರೆ ಆಮೇಲೆ ಅದು ಗಟ್ಟಿಯಾಗಿಬಿಡುವ ಅಪಾಯ ಜಾಸ್ತಿ. ಊತ ಇಳಿಯಬೇಕು. ಕಾಲು ಪೂರ್ತಿ ನೀಡಲು ಬರಬೇಕು. ತೊಡೆಯ ಮುಂದಿನ ಸ್ನಾಯು ಎಚ್ಚೆತ್ತುಕೊಳ್ಳಬೇಕು. ಅಷ್ಟರಲ್ಲಿ ಎಂಸಿಎಲ್ ತಾನಾಗಿಯೇ ಕೂಡಿಕೊಳ್ಳುತ್ತದೆ. ಅದಕ್ಕೆ ಸುತ್ತಲಿನ ಮಾಂಸದಿಂದ ರಕ್ತ ಸಿಗುತ್ತದೆ, ಹಾಗಾಗಿ ಬ್ರೇಸ್ ಹಾಕಿ ಆರು ವಾರ ಕಾದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಎಸಿಎಲ್ ಕೀಲಿನ ನೀರಿನ ಮಧ್ಯೆ ಇರುವುದರಿಂದ ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಇನ್ನು ಮುಖ್ಯ ಪ್ರಶ್ನೆ. ಆಪರೇಷನ್ ಬೇಕೋ ಬೇಡವೋ ಅನ್ನುವುದನ್ನು ಎಂ.ಆರ್.ಐ ಹೇಳುವುದಿಲ್ಲ. ಆಧಾರ್ ಕಾರ್ಡಿನ ಹುಟ್ಟಿದ ವರ್ಷವೂ ಹೇಳುವುದಿಲ್ಲ. ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ಮಂಡಿ ಕೈಕೊಡುತ್ತಾ? ಕೀಲು ಈಗಾಗಲೇ ಎಷ್ಟು ಸವೆದಿದೆ? ಈ ಎರಡೇ ಹೇಳುವುದು. ನೋವಿಗೆ ಅಂತ ಲಿಗಮೆಂಟ್ ಹಾಕುವುದಿಲ್ಲ. ಮಂಡಿ ಜಾರುವುದಕ್ಕೆ ಹಾಕುವುದು. ರೋಗಿಗಳು ಇದನ್ನು ಕೇಳುವುದಿಲ್ಲ, ನಮ್ಮವರಲ್ಲಿ ಹಲವರು ಬಿಡಿಸಿ ಹೇಳುವುದೂ ಇಲ್ಲ.

ನಿಮ್ಮ ತಂದೆಗೆ ನಿಂತುಕೊಂಡು ಎಕ್ಸ್‌ರೇ ತೆಗೆಸಿದ್ದೀರಾ? ಮಲಗಿಸಿ ತೆಗೆದದ್ದು ಸಾಲದು. ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಂತಾಗಲೇ ಮೂಳೆಗಳ ನಡುವಿನ ಸಂದು ಎಷ್ಟು ಉಳಿದಿದೆ ಅಂತ ಗೊತ್ತಾಗೋದು.

ತೀರ್ಥಹಳ್ಳಿ ಹುಡುಗ:

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಪಾದ ಬೆಚ್ಚಗಿದೆ. ಬೆರಳು ಆಡಿಸುತ್ತಾರೆ. ಕಾಲು ನೇರವಾಗಿ ಎತ್ತುತ್ತಾರೆ, ಸ್ವಲ್ಪ ನಡುಗುತ್ತೆ. ಎಕ್ಸ್‌ರೇ ಮಲಗಿಸಿಯೇ ತೆಗೆದಿದ್ದು. ನಿಲ್ಲಿಸಿ ತೆಗೆಸುತ್ತೇನೆ. ಮೆನಿಸ್ಕಸ್ ಸೀಳಿದೆ ಅಂದಿದ್ದಾರಲ್ಲ, ಅದಕ್ಕೇನು?

ಹಾಸನದ ಮಗಳು:

ಡಾಕ್ಟರು ಹೇಳಿದ 'ಕಾಲು ಎತ್ತಲು ಆಗುತ್ತದಾ' ಅನ್ನೋದನ್ನ ಎಲ್ಲರೂ ಗಮನಿಸಿ. ನಮ್ಮ ಅಮ್ಮ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದರು. 70 ವಯಸ್ಸು, ಶುಗರ್, ಕಿಡ್ನಿ ತೊಂದರೆ ಬೇರೆ. ನಮ್ಮೂರಿನ ಕ್ಲಿನಿಕ್‌ನಲ್ಲಿ 'ಲಿಗಮೆಂಟ್ ಉಳುಕಿದೆ, ರೆಸ್ಟ್ ಮಾಡಿ' ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಅಮ್ಮನಿಗೆ ಕುಳಿತಲ್ಲಿಂದ ಕಾಲು ನೀಡಲು ಆಗುತ್ತಲೇ ಇರಲಿಲ್ಲ. ಮಂಡಿಚಿಪ್ಪಿಗಿಂತ ಸ್ವಲ್ಪ ಮೇಲ್ಗಡೆ ಬೆರಳಿಟ್ಟರೆ ಗುಳಿ ಸಿಗುತ್ತಿತ್ತು. ಯಾರೂ ಬೆರಳಿಟ್ಟು ನೋಡಿರಲಿಲ್ಲ ಅಷ್ಟೆ. ಬಹಳ ದಿನ ಆದಮೇಲೆ ಹಾಸನದಲ್ಲಿ ಗೊತ್ತಾಯಿತು. ಹರಿದದ್ದು ಲಿಗಮೆಂಟ್ ಅಲ್ಲ, ತೊಡೆಯ ಸ್ನಾಯು ಮಂಡಿಚಿಪ್ಪಿಗೆ ಅಂಟುವ ಕಡೆಯ ಸ್ನಾಯುರಜ್ಜು. ಅಷ್ಟೊತ್ತಿಗೆ ಸ್ನಾಯು ಮೇಲಕ್ಕೆ ಸರಿದುಬಿಟ್ಟಿತ್ತು. ದೊಡ್ಡ ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ, ದೇವಸ್ಥಾನದ ಮೆಟ್ಟಿಲು ಹತ್ತೋಕೆ ಆಗಲ್ಲ.

ನಿವೃತ್ತ ಮೂಳೆ ಡಾಕ್ಟರ್:

ಹಾಸನದ ತಾಯಿಗೆ ಆದದ್ದನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ. ನಲವತ್ತು ದಾಟಿದವರಲ್ಲಿ ಚಿಪ್ಪಿನ ಮೇಲಿನ ರಜ್ಜು ಹರಿಯುವುದು ಹೆಚ್ಚು, ಚಿಕ್ಕವರಲ್ಲಿ ಚಿಪ್ಪಿನ ಕೆಳಗಿನದು. ಶುಗರ್, ಕಿಡ್ನಿ ಕಾಯಿಲೆ, ಬಹಳ ಕಾಲ ಸ್ಟೆರಾಯ್ಡ್ ತೆಗೆದುಕೊಂಡವರು, ಇವರಿಗೆ ಸಣ್ಣ ಮುಗ್ಗರಿಕೆ ಸಾಕು. ಪೂರ್ತಿ ಹರಿದಿದ್ದರೆ ಎಂಬತ್ತಾದರೂ, ದೇಹ ತಡೆಯುವಂತಿದ್ದರೆ, ಬೇಗ ಹೊಲಿಯಬೇಕು. ಒಂದೆರಡು ವಾರದೊಳಗೆ ಆದರೆ ಕೆಲಸ ಸುಲಭ. ವಯಸ್ಸಾಗಿದೆ ಅಂತ ಕಾಯಬಾರದ ಮಂಡಿ ಆಪರೇಷನ್ ಅಂದರೆ ನನ್ನ ಲೆಕ್ಕದಲ್ಲಿ ಇದೇ ಮೊದಲು.

ಇನ್ನು ಮೆನಿಸ್ಕಸ್. ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಫ್ರೇಮಿಂಗ್‌ಹ್ಯಾಮ್ ಅಂತ ಒಂದು ಊರಿದೆ. ಅಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಗೆ ಎಂ.ಆರ್.ಐ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿದೆ ಅಂತ ಬಂದವರಲ್ಲ, ಊರಿನಿಂದ ಹಾಗೇ ಆರಿಸಿಕೊಂಡವರು. 70 ದಾಟಿದ ಗಂಡಸರಲ್ಲಿ 56% ಮಂದಿಗೆ ಮೆನಿಸ್ಕಸ್ ಹರಿದಿತ್ತು ಇಲ್ಲವೇ ಹಾಳಾಗಿತ್ತು. ಹರಿದಿದ್ದವರಲ್ಲಿ 61% ಜನಕ್ಕೆ ಹಿಂದಿನ ಒಂದು ತಿಂಗಳು ನೋವೂ ಇಲ್ಲ, ಬಿಗಿತವೂ ಇಲ್ಲ. ಹಾಗಾಗಿ ಆ ವಯಸ್ಸಿನವರ ರಿಪೋರ್ಟ್‌ನಲ್ಲಿ 'ಮೆನಿಸ್ಕಸ್ ಟೇರ್' ಅಂತ ಕಂಡರೆ ಗಾಬರಿ ಬೇಡ. ಕೂದಲು ನರೆತ ಹಾಗೆ ಅಂದುಕೊಳ್ಳಿ.

ಮಂಡಿ ಲಾಕ್ ಆಗುತ್ತಿದ್ದರೆ ಮಾತು ಬೇರೆ. ಇನ್ನೊಂದು, ಮೆನಿಸ್ಕಸ್ ಬುಡದಲ್ಲೇ ಕಿತ್ತು ಬರುವುದು. ಕುಕ್ಕರುಗಾಲಲ್ಲಿ ಕೂತು ಏಳುವಾಗ ಮಂಡಿ ಹಿಂದೆ 'ಟಪ್' ಅನ್ನುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಜಾಸ್ತಿ. ಅದನ್ನು ಬೇಗ ಗುರುತಿಸಿದರೆ ಕೆಲವರಿಗೆ ಹೊಲಿಗೆ ಹಾಕುವುದು ಒಳ್ಳೆಯದು. ಆದ್ದರಿಂದ ರಿಪೋರ್ಟ್‌ನಲ್ಲಿ 'ರೂಟ್' ಅನ್ನೋ ಪದ ಇದೆಯಾ ನೋಡಿ.

ಗುಬ್ಬಿ ಗೌಡ:

ಡಾಕ್ಟ್ರೇ, ಹಾಗಾದ್ರೆ ಈ 'ಕೀಹೋಲ್ ಹಾಕಿ ಒಳಗೆಲ್ಲ ಕ್ಲೀನ್ ಮಾಡಿಬಿಡ್ತೀವಿ' ಅಂತಾರಲ್ಲ, ಅದೇನು? ನಮ್ಮ ಪಕ್ಕದ ಮನೆಯವರಿಗೆ ಹಾಗೇ ಮಾಡಿ ಕಳಿಸಿದ್ದಾರೆ. ನೋವು ಹಾಗೇ ಇದೆ.

ನಿವೃತ್ತ ಮೂಳೆ ಡಾಕ್ಟರ್:

ಸವೆದ ಮಂಡಿಯನ್ನು ತೊಳೆದು ಬರುವುದರಿಂದ ಲಾಭ ಇಲ್ಲ ಅಂತ ತೋರಿಸಿ ಎರಡು ದಶಕಕ್ಕೂ ಮೇಲಾಯಿತು. 2002ರಲ್ಲಿ ಹ್ಯೂಸ್ಟನ್‌ನಲ್ಲಿ 180 ಜನರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ನಿಜವಾದ ಆಪರೇಷನ್. ಕೆಲವರಿಗೆ ಚರ್ಮ ಮಾತ್ರ ಕೊಯ್ದು, ಒಳಗೆ ಏನೂ ಮಾಡದೆ ಹೊಲಿದರು. ಯಾರಿಗೆ ಏನಾಗಿದೆ ಅಂತ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರು. ನಿಜವಾದ ಆಪರೇಷನ್ ಆದವರು ಏನೂ ಮುಂದೆ ಇರಲಿಲ್ಲ. 2013ರಲ್ಲಿ ಫಿನ್‌ಲ್ಯಾಂಡಿನವರು ಸವೆದು ಹರಿದ ಮೆನಿಸ್ಕಸ್ ಕತ್ತರಿಸುವುದರ ಬಗ್ಗೆ ಇದೇ ರೀತಿ 146 ಜನರಲ್ಲಿ ನೋಡಿದರು. ಅಲ್ಲೂ ಅದೇ ಕಥೆ. ಆದರೂ ನಡೆಯುತ್ತಲೇ ಇದೆ. ಯಾಕೆ ಅಂತ ನೀವೇ ಊಹಿಸಿ.

ಲೀಡ್ಸ್ ಕನ್ನಡಿಗ:

ಇಲ್ಲಿ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಎಸಿಎಲ್ ಹರಿದರೆ ಮೊದಲು ಫಿಸಿಯೋ ಕಡೆಗೆ ಕಳಿಸುತ್ತಾರೆ. ನಾನು ಆಸ್ಪತ್ರೆಯ ಆಡಳಿತ ವಿಭಾಗದಲ್ಲಿದ್ದೇನೆ, ಡಾಕ್ಟರ್ ಅಲ್ಲ. ಸ್ವೀಡನ್‌ನ ಪ್ರಯೋಗ ಒಂದಿದೆ, 2010ರದ್ದು. 121 ಜನರಲ್ಲಿ ಅರ್ಧದಷ್ಟು ಮಂದಿಗೆ ತಕ್ಷಣ ಆಪರೇಷನ್, ಉಳಿದವರಿಗೆ ವ್ಯಾಯಾಮ, ಬೇಕಾದರೆ ಆಮೇಲೆ ಆಪರೇಷನ್. ಐದು ವರ್ಷಕ್ಕೆ ನೋಡಿದರೆ ಎರಡನೇ ಗುಂಪಿನ 59ರಲ್ಲಿ 30 ಮಂದಿ ಮಾತ್ರ ಆಪರೇಷನ್ ಮಾಡಿಸಿಕೊಂಡಿದ್ದರು. ಎರಡೂ ಗುಂಪಿನ ಮಂಡಿ ಹೆಚ್ಚುಕಡಿಮೆ ಒಂದೇ ಥರ ಇತ್ತು.

ಆದರೆ ಬ್ರಿಟನ್‌ನ 2022ರ ಪ್ರಯೋಗ ಬೇರೆ ಹೇಳುತ್ತದೆ. 316 ಜನ, ಹರಿದು ತಿಂಗಳುಗಳೇ ಕಳೆದು, ಇನ್ನೂ ಮಂಡಿ ಜಾರುತ್ತಿದ್ದವರು. ಅವರಲ್ಲಿ ಆಪರೇಷನ್ ಗುಂಪೇ ಚೆನ್ನಾಗಿತ್ತು. ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸುತ್ತೆ ಅಲ್ವಾ? ನನಗೆ ಹಾಗನ್ನಿಸಲ್ಲ. ಮೊದಲನೆಯವರು ಈಗಷ್ಟೇ ಬಿದ್ದವರು, ಎರಡನೆಯವರು ಕಾದು ನೋಡಿಯೂ ಸರಿಹೋಗದವರು.

ನಿವೃತ್ತ ಮೂಳೆ ಡಾಕ್ಟರ್:

ಸರಿಯಾಗಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಸ್ವೀಡನ್ ಪ್ರಯೋಗದಲ್ಲಿದ್ದವರು 18ರಿಂದ 35 ವರ್ಷದವರು. 67ರ ತಂದೆಗೆ ಅದನ್ನು ಹಾಗೇ ಅಂಟಿಸಬಾರದು. ಆದರೆ ಆಟಗಾರ ಹುಡುಗರೇ ಅರ್ಧಕ್ಕರ್ಧ ಆಪರೇಷನ್ ಇಲ್ಲದೆ ನಿಭಾಯಿಸಿದರೆ, ಕಬಡ್ಡಿ ಆಡದ 67ರವರಿಗೆ ಆ ಅವಕಾಶ ಕಡಿಮೆ ಅಂತ ನಾನಂತೂ ಹೇಳಲ್ಲ.

ಫಿಸಿಯೋ, ಹುಬ್ಬಳ್ಳಿ:

ನಮಸ್ಕಾರ ರೀ. ಎಲ್ಲಾರೂ 'ವ್ಯಾಯಾಮ ಮಾಡ್ರಿ' ಅಂತ ಹೇಳಿ ಬಿಡ್ತಾರ. ಏನು ಮಾಡಬೇಕು ಅಂತ ಹೇಳೋದಿಲ್ಲ.

ಮೊದಲನೇ ಮಾತು, ಮಂಡಿ ಕೆಳಗೆ ದಿಂಬು ಇಡಬೇಡಿ. ನಮ್ಮ ಹಿರಿಯರಿಗೆಲ್ಲ ಅದು ಹಾಯೆನಿಸುತ್ತದೆ. ಹದಿನೈದು ದಿನ ಹಾಗೇ ಮಲಗಿದರೆ ಕಾಲು ಪೂರ್ತಿ ನೀಡಲು ಬರುವುದಿಲ್ಲ, ಕುಂಟು ಅಲ್ಲಿಂದಲೇ ಶುರು. ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಡಿ. ಮಂಡಿಯನ್ನು ಹಾಸಿಗೆ ಕಡೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಬಿಡಿ. ದಿನಕ್ಕೆ ಮೂರ್ನಾಲ್ಕು ಹೊತ್ತು ಹತ್ತು ಹತ್ತು ಸಲ. ನಂತರ ಕಾಲು ನೇರ ಇಟ್ಟು ಮೇಲೆತ್ತುವುದು. ಆಮೇಲೆ ಹಿಮ್ಮಡಿ ಜಾರಿಸಿ ಮಂಡಿ ಮಡಚುವುದು. ಊತ ಇಳಿದ ಮೇಲೆ ಕುರ್ಚಿಯಿಂದ ಕೈ ಊರದೆ ಏಳುವುದು, ಸಣ್ಣ ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ತೊಡೆಯ ಹಿಂದಿನ ಸ್ನಾಯುವಿಗೂ ಕೆಲಸ ಕೊಡಬೇಕು. ಎಸಿಎಲ್ ಮಾಡುತ್ತಿದ್ದದ್ದು ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುವುದು. ಅದು ಹೋದ ಮೇಲೆ ಆ ಕೆಲಸದ ಒಂದು ಪಾಲನ್ನು ಹಿಂದಿನ ಸ್ನಾಯು ಹೊರಬೇಕು.

ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಮಾಡುವುದು ಸಾಲದು. ವಾರಕ್ಕೊಮ್ಮೆಯಾದರೂ ಫಿಸಿಯೋ ಕಣ್ಣಿಗೆ ಬೀಳಬೇಕು. ಬಿಸಿ ಶಾಖ, ಕರೆಂಟ್ ಮಷಿನ್ ಅಷ್ಟೇ ಕೊಟ್ಟು ಕಳಿಸುವ ಕಡೆ ದುಡ್ಡು ಹಾಕಬೇಡಿ. ಮಷಿನ್ ತೊಡೆ ಕಟ್ಟುವುದಿಲ್ಲ.

ಕೋಲಾರದ ಅತ್ತಿಗೆ:

ನಮ್ಮ ಕಡೆ ಇಂಥದ್ದಕ್ಕೆಲ್ಲ ಪುತ್ತೂರು ಕಟ್ಟು (ನಾಟಿ ಮೂಳೆ ವೈದ್ಯರ ಕಟ್ಟು) ಹಾಕಿಸ್ತೀವಿ. ನಮ್ಮ ಮಾವನಿಗೆ ಅದರಲ್ಲೇ ವಾಸಿಯಾಯ್ತು. ಆಸ್ಪತ್ರೆ ಖರ್ಚೂ ಇಲ್ಲ. ಒಮ್ಮೆ ನೋಡಬಹುದಲ್ವಾ?

ಫಿಸಿಯೋ, ಹುಬ್ಬಳ್ಳಿ:

ಅಕ್ಕಾ, ನಂಬಿಕೆ ಬಗ್ಗೆ ನಾನು ಮಾತಾಡಲ್ಲ. ಕಟ್ಟು ಹಾಕಿದರೆ ಮಂಡಿ ಅಲುಗಾಡದೆ ಇರುತ್ತದೆ. ಎಂಸಿಎಲ್ ಒಂದೇ ಹರಿದಿದ್ದರೆ ಹಾಗೂ ವಾಸಿಯಾಗುತ್ತದೆ, ಹೀಗೂ ವಾಸಿಯಾಗುತ್ತದೆ. ನಿಮ್ಮ ಮಾವನವರಿಗೆ ಅದೇ ಆಗಿರಬಹುದು. ನನ್ನ ಭಯ ಎರಡು. ಹೊಸದಾಗಿ ಊದಿದ ಮಂಡಿಯನ್ನು ಎಣ್ಣೆ ಹಾಕಿ ತಿಕ್ಕುವುದು ಒಂದು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಚರ್ಮದಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಅದರ ಮೇಲೆ ಬಿಗಿಯಾಗಿ ಕಟ್ಟಿದರೆ ಪಾದ ಜೋತುಬೀಳುತ್ತದೆ. ಶುಗರ್ ಇರುವವರಿಗೆ ಪಾದ ಮೊದಲೇ ಮರಗಟ್ಟಿರಬಹುದು, ಹಾಗಿದ್ದರೆ ಬಿಗಿಯಾದದ್ದು ಗೊತ್ತೇ ಆಗಲ್ಲ. ತೀರ್ಥಹಳ್ಳಿಯವರ ತಂದೆಗೆ ಶುಗರ್ ಇದೆ, ಹಾಗಾಗಿ ಬೇಡ ಅಂತೀನಿ.

ಕೋಲಾರದ ಅತ್ತಿಗೆ:

ನರದ ವಿಷಯ ಗೊತ್ತಿರಲಿಲ್ಲ. ಸರಿ ಬಿಡಿ.

ಕ್ಲೇಮ್ ಡೆಸ್ಕ್:

ಹಣದ ವಿಷಯ ಯಾರೂ ಮಾತಾಡಿಲ್ಲ. ನಾನು ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸದಲ್ಲಿದ್ದೇನೆ.

ಬಹಳ ಪಾಲಿಸಿಗಳಲ್ಲಿ ಮಂಡಿ ಬದಲಾವಣೆಗೆ ಕೆಲವು ವರ್ಷಗಳ ಕಾಯುವ ಅವಧಿ ಇರುತ್ತದೆ. ಅಪಘಾತದಿಂದ ಆದ ಪೆಟ್ಟಿಗೆ ಸಾಮಾನ್ಯವಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮೊದಲ ಡಾಕ್ಟರ ಚೀಟಿಯಲ್ಲಿ 'ಮಂಡಿ ನೋವು' ಅಂತಷ್ಟೇ ಬರೆದಿದ್ದರೆ ಕಷ್ಟ. 'ಇಂಥ ದಿನ ಜಾರಿ ಬಿದ್ದು ಪೆಟ್ಟಾಗಿದೆ' ಅಂತ ಬರೆಸಿಕೊಳ್ಳಿ. ಈ ಒಂದು ಸಾಲಿಲ್ಲದೆ ತಿರಸ್ಕಾರವಾದ ಫೈಲುಗಳು ನನ್ನ ಮೇಜಿನ ಮೇಲೆ ಬೇಕಾದಷ್ಟಿವೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸಿಗುತ್ತದೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಯಾವ ಆಪರೇಷನ್ ಪಟ್ಟಿಯಲ್ಲಿದೆ ಅಂತ ಅವರನ್ನೇ ಕೇಳಿ. ಬೆಂಗಳೂರಿಗೆ ಬರುವವರಾದರೆ ಜಯನಗರದಲ್ಲಿ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. ಸರ್ಕಾರದ್ದೇ, ಮೂಳೆಗೆಂದೇ ಇರುವುದು.

ಮಂಡಿ ಬದಲಾವಣೆಯ ಇಂಪ್ಲಾಂಟ್‌ಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ನಿಗದಿಯಾಗಿತ್ತು. ಇದು ಕೀಲಿನ ಬೆಲೆ ಮಾತ್ರ. ಎಸಿಎಲ್ ಆಪರೇಷನ್‌ನಲ್ಲಿ ಹೊಸ ಲಿಗಮೆಂಟನ್ನು ಮೂಳೆಗೆ ಹಿಡಿಸಲು ಹಾಕುವ ಸ್ಕ್ರೂ, ಬಟನ್‌ಗಳ ಬಿಲ್ ಬೇರೆ. ಅದನ್ನು ಮೊದಲೇ ಬರೆದು ಕೊಡಲು ಹೇಳಿ.

ಗುಬ್ಬಿ ಗೌಡ:

ಈಗ ಹೇಳಿದ್ರಲ್ಲ, ಇದು ಕೆಲಸಕ್ಕೆ ಬರೋ ಮಾತು. ಇನ್ನೊಂದು ಪ್ರಶ್ನೆ. ನಿಮ್ಮದೇ ರಕ್ತ ತೆಗೆದು ಮಂಡಿಗೆ ಚುಚ್ಚಿದರೆ ಲಿಗಮೆಂಟ್ ಬೆಳೆಯುತ್ತೆ, ಸ್ಟೆಮ್ ಸೆಲ್ ಹಾಕಿದರೆ ಸವೆತವೇ ಹೋಗುತ್ತೆ ಅಂತ ಜಾಹೀರಾತು ಬರ್ತಿದೆ. ನಿಜಾನಾ?

ನಿವೃತ್ತ ಮೂಳೆ ಡಾಕ್ಟರ್:

ಪೂರ್ತಿ ಹರಿದ ಲಿಗಮೆಂಟ್ ಇಂಜೆಕ್ಷನ್‌ಗೆ ಕೂಡಿಕೊಳ್ಳುವುದಿಲ್ಲ. ರಕ್ತದಿಂದ ತೆಗೆದ ಪಿಆರ್‌ಪಿ ಸವೆತದ ನೋವಿಗೆ ಕೆಲವರಿಗೆ ಕೆಲವು ತಿಂಗಳು ಹಿತ ಕೊಡಬಹುದು, ಅದರಲ್ಲೂ ಒಮ್ಮತ ಇಲ್ಲ. ಸ್ಟೆಮ್ ಸೆಲ್ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲೇ ಸ್ಪಷ್ಟವಾಗಿದೆ. ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅದು ಪ್ರಯೋಗದ ಹಂತದ್ದು. ಪ್ರಯೋಗಕ್ಕೆ ರೋಗಿಯ ಹತ್ತಿರ ಲಕ್ಷಗಟ್ಟಲೆ ತೆಗೆದುಕೊಳ್ಳುವುದು ಯಾವ ನ್ಯಾಯ?

ತೀರ್ಥಹಳ್ಳಿ ಹುಡುಗ:

ನಿಲ್ಲಿಸಿ ಎಕ್ಸ್‌ರೇ ತೆಗೆಸಿದೆವು. ಒಳಬದಿಯಲ್ಲಿ ಸಂದು ಸ್ವಲ್ಪ ಕಿರಿದಾಗಿದೆ, ಮುಚ್ಚಿಲ್ಲ, ಗ್ರೇಡ್ 2 ಅಂದರು. 'ರೂಟ್' ಅನ್ನೋ ಪದ ರಿಪೋರ್ಟ್‌ನಲ್ಲಿ ಇಲ್ಲ. ಡಾಕ್ಟರು ಕಾಲನ್ನು ಹಿಡಿದು ಮುಂದಕ್ಕೆ ಎಳೆದು ನೋಡಿದರು. ಸಡಿಲ ಇದೆ ಆದರೆ ಅಪ್ಪ ತೊಡೆ ಬಿಗಿ ಹಿಡಿದರೆ ನಿಲ್ಲುತ್ತೆ ಅಂದರು. ಮೂರು ತಿಂಗಳು ಫಿಸಿಯೋ ಮಾಡಿ ನೋಡೋಣ ಅಂತ ತೀರ್ಮಾನ.

ಒಂದು ಅನುಮಾನ. ಮೂರು ತಿಂಗಳಾದ ಮೇಲೂ ಜಾರಿದರೆ? ಆಗ ಲಿಗಮೆಂಟಾ, ಮಂಡಿ ಬದಲಾವಣೆನಾ? ಭಾವ ಇನ್ನೂ ಬಿಟ್ಟಿಲ್ಲ. ವಾಜಪೇಯಿಯವರು ಎರಡೂ ಮಂಡಿ ಬದಲಾಯಿಸಿಕೊಂಡು ದೇಶ ಆಳಲಿಲ್ವಾ ಅಂತಾರೆ.

ನಿವೃತ್ತ ಮೂಳೆ ಡಾಕ್ಟರ್:

ಆಳಿದರು, ನಿಜ. 2000ರಲ್ಲಿ ಎಡಮಂಡಿ, 2001ರಲ್ಲಿ ಬಲಮಂಡಿ, ಎರಡೂ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಆದರೆ ಅವರ ಮಂಡಿ ಸವೆದುಹೋಗಿತ್ತು. ನಿಮ್ಮ ತಂದೆಯದು ಅಷ್ಟು ಸವೆದಿಲ್ಲ. ಗ್ರೇಡ್ 2ಕ್ಕೆ ಮಂಡಿ ಬದಲಾಯಿಸುವುದನ್ನು ನಾನು ಒಪ್ಪುವುದಿಲ್ಲ. ಸವೆತವನ್ನು 0ಯಿಂದ 4ರವರೆಗೆ ಎಣಿಸುತ್ತಾರೆ. ಮೂಳೆಗೆ ಮೂಳೆ ತಾಗಿ, ದಿನದ ನೋವು ತಡೆಯಲಾರದೆ ಇದ್ದಾಗ ಬದಲಾವಣೆಯಿಂದ ಸುಖ. ಕಡಿಮೆ ಸವೆದ ಮಂಡಿಯನ್ನು ಬದಲಾಯಿಸಿಕೊಂಡವರೇ ಆಮೇಲೆ ಅತೃಪ್ತಿ ಹೇಳಿಕೊಳ್ಳುವುದು ಜಾಸ್ತಿ.

ಸವೆತ 3, 4 ಆಗಿದ್ದರೆ ಲಿಗಮೆಂಟ್ ಹಾಕುವ ಮಾತೇ ಇಲ್ಲ. ಮಂಡಿ ಬದಲಾಯಿಸುವಾಗ ಸಾಮಾನ್ಯವಾಗಿ ಎಸಿಎಲ್ ಅನ್ನು ತೆಗೆದೇ ಬಿಡುತ್ತಾರೆ. ಹೊಸ ಕೀಲಿನ ಆಕಾರವೇ ಅದರ ಕೆಲಸ ಮಾಡುತ್ತದೆ. ಪಿಸಿಎಲ್ (ಎಸಿಎಲ್ ಹಿಂದಿರುವ ಇನ್ನೊಂದು ಲಿಗಮೆಂಟ್) ಇಟ್ಟುಕೊಳ್ಳುವ ಮಾದರಿ ಇದೆ, ತೆಗೆಯುವ ಮಾದರಿಯೂ ಇದೆ. ಬದಿಯ ಲಿಗಮೆಂಟ್‌ಗಳು ಮಾತ್ರ ಗಟ್ಟಿ ಇರಬೇಕು. ಅವೂ ಹೋಗಿದ್ದರೆ ಕದದ ತಿರುಗಣಿಯಂಥ ಕೀಲು ಹಾಕಬೇಕಾಗುತ್ತದೆ. ಅದು ದೊಡ್ಡ ಆಪರೇಷನ್, ಬೆಲೆಯೂ ಹೆಚ್ಚು. ಒಳಬದಿ ಮಾತ್ರ ಬದಲಾಯಿಸುವ ಅರ್ಧ ಮಂಡಿ ಆಪರೇಷನ್‌ಗೆ ಸಾಮಾನ್ಯವಾಗಿ ಎಸಿಎಲ್ ಚೆನ್ನಾಗಿರಬೇಕು. ನಿಮ್ಮ ಭಾವನಿಗೆ ಇದನ್ನೂ ಹೇಳಿ.

ಒಂದು ವೇಳೆ ಮೂರು ತಿಂಗಳ ಮೇಲೂ ತೋಟದಲ್ಲಿ ಜಾರುತ್ತಿದ್ದರೆ, ಆಗ 67 ಅಂತ ಹಿಂಜರಿಯಬೇಡಿ. ಪ್ರತಿ ಸಲ ಜಾರಿದಾಗಲೂ ಉಳಿದ ಮೆನಿಸ್ಕಸ್‌ಗೆ ಪೆಟ್ಟು. ಇನ್ನೊಂದು ಸಲ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು, ಅದು ಇದಕ್ಕಿಂತ ಕೆಟ್ಟದು. ಮನೇಲಿ ಕೂರಿಸುವುದು ಸಹ ಒಂದು ಚಿಕಿತ್ಸೆ ಅನ್ನುವಂತೆ ಮಾತಾಡಿದ ಆ ಎರಡನೇ ಡಾಕ್ಟರ ಮಾತೂ ನನಗೆ ಹಿಡಿಸಲಿಲ್ಲ. ತೋಟಕ್ಕೆ ಹೋಗದಿದ್ದರೆ ತೊಡೆ ಕರಗುತ್ತದೆ, ಶುಗರ್ ಏರುತ್ತದೆ.

ಸರ್ಜನ್ ಹತ್ತಿರ ಕೇಳಬೇಕಾದದ್ದು: ಹೊಸ ಲಿಗಮೆಂಟ್ ಮಾಡಲು ಎಲ್ಲಿಂದ ರಜ್ಜು ತೆಗೆಯುತ್ತೀರಿ? ತೊಡೆಯ ಹಿಂಬದಿಯಿಂದ ತೆಗೆದರೆ ಹಿರಿಯರಿಗೆ ಒಳ್ಳೆಯದು. ಚಿಪ್ಪಿನ ಕೆಳಗಿನಿಂದ ತೆಗೆದರೆ ಮಂಡಿಯೂರಿ ಕೂರುವಾಗ ನೋವು ಉಳಿಯಬಹುದು. ದೇವರ ಮುಂದೆ ಮಂಡಿಯೂರುವವರು, ನಮಾಜ್ ಮಾಡುವವರು ಇದನ್ನು ಮೊದಲೇ ಹೇಳಬೇಕು. ಮೂಳೆ ಗಟ್ಟಿ ಇದೆಯಾ ಅಂತ ನೋಡಿದ್ದೀರಾ? ಮೆತ್ತಗಾದ ಮೂಳೆಯಲ್ಲಿ ಸ್ಕ್ರೂ ಹಿಡಿತ ಕಡಿಮೆ. ಅಂಥವರಿಗೆ ಮೂಳೆಯ ಹೊರಪದರದ ಮೇಲೆ ಕೂರುವ ಬಟನ್ ಹೆಚ್ಚು ನಂಬಿಕೆಯದು. ಶುಗರ್‌ನ ಮೂರು ತಿಂಗಳ ಸರಾಸರಿ ನೋಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಯಾವಾಗ ನಿಲ್ಲಿಸಬೇಕು ಅಂತ ಹೃದಯದ ಡಾಕ್ಟರನ್ನೇ ಕೇಳಿ. ನೀವೇ ನಿಲ್ಲಿಸಬೇಡಿ.

ಷಟಲ್ ಅಂಕಲ್, ಮೈಸೂರು:

ಯಾರೂ ಹೇಳದ ಒಂದನ್ನು ನಾನು ಹೇಳ್ತೀನಿ. ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರು. ಮಂಡಿ ಚೆನ್ನಾಗಾಯಿತು, ಆ ರಾತ್ರಿ ಮೂತ್ರ ಬರಲಿಲ್ಲ! ಪ್ರಾಸ್ಟೇಟ್ ಸ್ವಲ್ಪ ದೊಡ್ಡದಿತ್ತು. ಟ್ಯೂಬ್ ಹಾಕಿದರು. ಗಂಡಸರು ಇದನ್ನು ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಇನ್ನು ಸಮಯ. ಕೀಹೋಲ್ ಅಂದರೆ ಮೂರು ದಿನಕ್ಕೆ ಸರಿ ಅಂತ ಅಂದುಕೊಳ್ಳಬೇಡಿ. ತೂತು ಸಣ್ಣದು, ಒಳಗಿನ ಕೆಲಸ ದೊಡ್ಡದು. ಆರು ತಿಂಗಳು ಮಂಡಿಯೇ ನಿಮ್ಮ ಉದ್ಯೋಗ. ನಾನು ಕೋರ್ಟ್‌ಗೆ ಇಳಿದಾಗ ಒಂಬತ್ತು ತಿಂಗಳಾಗಿತ್ತು. ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದಿದ್ದರೆ ಮಾಡಿಸಿಕೊಳ್ಳೋಕೆ ಹೋಗಬೇಡಿ.

ಹಾಸನದ ಮಗಳು:

ಮನೆ ಬಗ್ಗೆಯೂ ಯೋಚನೆ ಮಾಡಿ. ಆಪರೇಷನ್ ಆಗಲಿ ಆಗದಿರಲಿ, ಇಂಡಿಯನ್ ಟಾಯ್ಲೆಟ್ ಕಷ್ಟ. ಕಮೋಡ್ ಕುರ್ಚಿ ಸಿಗುತ್ತೆ, ಅದರ ಮೇಲೆ ಇಟ್ಟರಾಯಿತು. ಬಚ್ಚಲಲ್ಲಿ ಹಿಡಿ ಹಾಕಿಸಿ. ಅಮ್ಮ ಬಿದ್ದ ಮೇಲೆ ನಾವು ಹಾಕಿಸಿದ್ದು.

ತೀರ್ಥಹಳ್ಳಿ ಹುಡುಗ:

ಹಾಕಿಸುತ್ತೇನೆ ಅಕ್ಕಾ. ಫಿಸಿಯೋ ಸರ್, ಅಪ್ಪ ಈಗಲೇ ಕೋಲು ಹಿಡಿದು ತೋಟದ ಅಂಚಿಗೆ ಹೋಗಿಬಂದಿದ್ದಾರೆ, ನನಗೆ ಹೇಳದೆ. ನೋವಿನ ಕಾಲು ಬಲಗಾಲು. ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಾರೆ. ಸರಿನಾ?

ಫಿಸಿಯೋ, ಹುಬ್ಬಳ್ಳಿ:

ಅಲ್ಲ ರೀ, ಎಡಗೈಯಲ್ಲಿ ಹಿಡಿಯಬೇಕು. ಕೋಲೂ ಬಲಗಾಲೂ ಒಟ್ಟಿಗೆ ಮುಂದೆ ಬರಬೇಕು, ಆಗ ಭಾರ ಹಂಚಿಹೋಗುತ್ತದೆ. ಕೋಲಿನ ತುದಿಗೆ ರಬ್ಬರ್ ಬುಷ್ ಹಾಕಿಸಿ, ಸವೆದರೆ ಬದಲಾಯಿಸಿ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಕೋಲು ಮತ್ತು ಬಲಗಾಲು ಮೊದಲು. ಇಳಿಜಾರು ಇನ್ನೊಂದು ಆರು ವಾರ ಬೇಡ. ಸಂಕ ಅಂತೂ ಬೇಡವೇ ಬೇಡ, ಪಕ್ಕಕ್ಕೆ ಒಂದು ಅಡಿಕೆ ದಬ್ಬೆ ಕೈಗಂಬಿ ಕಟ್ಟಿಸುವವರೆಗೆ.